ಕೋಳಿಯ ಹೇನು, ಗೂಡಿನ ನುಸಿ



ಹಿತ್ತಲಿನಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡಿರುವ ಮನೆಗಳಲ್ಲಿ, ಬೇಸಿಗೆ ಕಾಲಿಟ್ಟೊಡನೆ ಕೇಳಿಬರುವ ಮಾತುಗಳನ್ನು ತಾವು ಬಲ್ಲಿರಿ. "ಹೋದ ತಿಂಗಳು ದಿನ ಬಿಟ್ಟು ದಿನ ಮೊಟ್ಟೆ ಇಡುತ್ತಿತ್ತು, ಈಗ ವಾರಕ್ಕೆ ಒಂದೂ ಇಲ್ಲ" ಎನ್ನುವರು ಒಬ್ಬರು. "ಸಂಜೆಯಾದರೆ ಗೂಡಿಗೆ ಹೋಗಲೊಲ್ಲದು, ಸೀಬೆಯ ಮರ ಹತ್ತಿ ಕೂರುತ್ತದೆ" ಎನ್ನುವರು ಮತ್ತೊಬ್ಬರು. "ಕಾವಿಗೆ ಕೂತದ್ದು ನಡುವೆಯೇ ಎದ್ದುಬಿಟ್ಟಿತು. ಅದರ ಗುಣವೇ ಅಂಥದು, ಸಾರಿಗೇ ಲಾಯಕ್ಕು" ಎಂದು ತೀರ್ಪು ಕೊಡುವವರೂ ಉಂಟು. ಕಾರಣ ಕೇಳಿದರೆ ಬಿಸಿಲು ಎನ್ನುತ್ತಾರೆ, ಕಾಳು ಸಾಲದು ಎನ್ನುತ್ತಾರೆ, ಯಾರದೋ ದೃಷ್ಟಿ ತಾಕಿತು ಎನ್ನುತ್ತಾರೆ. ಕೋಳಿಯನ್ನು ಕೈಗೆತ್ತಿಕೊಂಡು ಪುಕ್ಕ ಬಿಡಿಸಿ ನೋಡಿದವರು ಕಡಿಮೆ. ರಾತ್ರಿಯ ಹೊತ್ತು ಗೂಡಿನ ಸಂದಿಗೆ ದೀಪ ಹಿಡಿದು ನೋಡಿದವರಂತೂ ಇನ್ನೂ ಕಡಿಮೆ. ಈ ಮೂರು ದೂರುಗಳಲ್ಲಿ ಅನೇಕಕ್ಕೆ ಉತ್ತರ ಅಲ್ಲಿಯೇ ಇರುತ್ತದೆ.

ಹೈಸ್ಕೂಲಿನಲ್ಲಿ ಸಂಧಿ ಸಮಾಸಗಳನ್ನು ಹೇಳಿಕೊಡುವವನಿಗೆ ಕೋಳಿಯ ಹೇನಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ನನ್ನ ಹಿತ್ತಲಿನಲ್ಲಿ ಎಂಟು ಕೋಳಿಗಳಿವೆ. ಐದು ನಾಟಿ, ಮೂರು ಗಿರಿರಾಜ. ಅವುಗಳ ಯೋಗಕ್ಷೇಮ ನನ್ನದು. ಅದಲ್ಲದೆ, ಈ ವಿಷಯದಲ್ಲಿ ತೊಂದರೆ ಮೊದಲಾಗುವುದು ಮಾತಿನಿಂದಲೇ. ಕೋಳಿಯ ಮೈಮೇಲೆ ಹರಿಯುವ ಸಣ್ಣದನ್ನೆಲ್ಲ ನಾವು "ಹುಳು" ಎಂದುಬಿಡುತ್ತೇವೆ. ಹೆಸರು ಒಂದೇ ಆದಮೇಲೆ ಮದ್ದೂ ಒಂದೇ ಎಂದು ಭಾವಿಸುತ್ತೇವೆ. ಹುಳು ಎರಡು ಬಗೆ, ಅವುಗಳ ಮನೆ ಎರಡು ಕಡೆ ಎಂಬುದನ್ನು ತಿಳಿಯದೆ ಕೊಟ್ಟ ಮದ್ದು ಕೋಳಿಯನ್ನು ಬಳಲಿಸುವುದೇ ಹೊರತು ಹುಳುವನ್ನು ಮುಟ್ಟುವುದಿಲ್ಲ.

ಮೊದಲನೆಯದು ಹೇನು. ಹಳಗನ್ನಡದಲ್ಲಿ ಇದು ಪೇನ್. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ, ಪೇನ್ ಹೇನಾಯಿತು. ಅದರ ಮೊಟ್ಟೆಗೆ ಸೀರು ಎನ್ನುತ್ತೇವೆ. ಸಂಸ್ಕೃತದಲ್ಲಿ ಹೇನು ಯೂಕ, ಸೀರು ಲಿಕ್ಷೆ. ನಮ್ಮ ಹಿರಿಯರಿಗೆ ಇವು ಎಷ್ಟು ಪರಿಚಿತವಾಗಿದ್ದವೆಂದರೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಳತೆಯ ಲೆಕ್ಕವೇ ಇವುಗಳ ಮೇಲೆ ನಿಂತಿದೆ. ಎಂಟು ಲಿಕ್ಷೆಗೆ ಒಂದು ಯೂಕ, ಎಂಟು ಯೂಕಕ್ಕೆ ಒಂದು ಯವ, ಎಂಟು ಯವಕ್ಕೆ ಒಂದು ಅಂಗುಲ. ಇಂದಿನ ಹುಡುಗರು ಮಿಲಿಮೀಟರು ಎನ್ನುವಲ್ಲಿ ಅಂದಿನವರು ಹೇನು ಎಂದರು.

ಎರಡನೆಯದು ನುಸಿ. ನುಸಿ ಹಿಡಿದ ಬೇಳೆಯನ್ನು ಎಲ್ಲರೂ ಕಂಡಿದ್ದೇವೆ. 1990ರ ದಶಕದ ಕೊನೆಯಲ್ಲಿ ತೆಂಗಿಗೆ ಹೊಸದೊಂದು ಪೀಡೆ ಬಂದು ಕಾಯಿಗಳೆಲ್ಲ ಕಂದುಗಟ್ಟಿ ಸೊರಗಿದಾಗ, ಆ ಕಣ್ಣಿಗೆ ಕಾಣದ ಜೀವಿಗೂ ನಮ್ಮ ರೈತರು ನುಸಿ ಎಂದೇ ಹೆಸರಿಟ್ಟರು. ಕೋಳಿಗೂಡಿನದು ಅದೇ ಜಾತಿಯ ಬೇರೊಂದು ಕುಲ. ನುಸುಳುವುದರಿಂದ ನುಸಿ ಎಂದರೆ ವ್ಯಾಕರಣ ಒಪ್ಪಲಿ ಬಿಡಲಿ, ಹುಳುವಿನ ನಡತೆ ಒಪ್ಪುತ್ತದೆ. ಹೇನಿಗೆ ಕಾಲು ಆರು. ಬೆಳೆದ ನುಸಿಗೆ ಎಂಟು, ಅದು ಜೇಡ, ಚೇಳು, ಉಣ್ಣೆಗಳ ಬಳಗ. ಆದರೆ ಕಾಲೆಣಿಸುವುದು ಬೂದುಗನ್ನಡಿಯಿಲ್ಲದೆ ಆಗದ ಮಾತು. ಹೇನು ಹಗಲಿರುಳೂ ಕೋಳಿಯ ಮೈಮೇಲೆಯೇ ಇರುತ್ತದೆ. ಗೂಡಿನ ಕೆಂಪು ನುಸಿ ಹಗಲೆಲ್ಲ ಮರದ ಸಂದಿಯಲ್ಲಿ ಅಡಗಿದ್ದು ಇರುಳಿನಲ್ಲಿ ಮಾತ್ರ ಕೋಳಿಯನ್ನು ಹತ್ತುತ್ತದೆ. ಒಂದು ಕೋಳಿಯ ಒಕ್ಕಲು, ಮತ್ತೊಂದು ಗೂಡಿನ ಒಕ್ಕಲು. ಇದಿಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಹೇನನ್ನು ನೋಡಬೇಕಾದುದು ಹಗಲಿನಲ್ಲಿ. ಕೋಳಿಯನ್ನು ಬೆದರಿಸದೆ ಹಿಡಿದು, ಕಾಲೆರಡನ್ನೂ ಒಂದು ಕೈಯಲ್ಲಿ ಸೇರಿಸಿ, ಎದೆಯನ್ನು ತೊಡೆಗೆ ಆನಿಸಿಕೊಳ್ಳಿ. ಬಾಲದ ಕೆಳಗೆ ಹಿಕ್ಕೆ ಬೀಳುವ ದ್ವಾರದ ಸುತ್ತ ಮೆತ್ತನೆಯ ಪುಕ್ಕವಿದೆಯಲ್ಲ, ಅದನ್ನು ಬೆರಳಿನಿಂದ ಥಟ್ಟನೆ ಬಿಡಿಸಿ, ಚರ್ಮ ಕಾಣುವ ಹಾಗೆ ನೋಡಿ. ಒಣಹುಲ್ಲಿನ ಬಣ್ಣದ, ಚಪ್ಪಟೆ ಮೈಯ, ಎರಡು ಮೂರು ಮಿಲಿಮೀಟರು ಉದ್ದದ ಹುಳುಗಳು ಬೆಳಕಿಗೆ ಹೆದರಿ ಓಡಿದರೆ ಅವೇ ಹೇನು. ಥಟ್ಟನೆ ಎಂದು ಏಕೆ ಹೇಳಿದೆನೆಂದರೆ, ನಿಧಾನವಾಗಿ ಬಿಡಿಸುವಷ್ಟರಲ್ಲಿ ಅವು ಪಕ್ಕದ ಪುಕ್ಕದ ಮರೆ ಸೇರಿರುತ್ತವೆ. ಓಡಿದ್ದು ಕಾಣದಿದ್ದರೂ ಚಿಂತೆಯಿಲ್ಲ, ಪುಕ್ಕದ ಬುಡವನ್ನು ನೋಡಿ. ಸಬ್ಬಕ್ಕಿಯ ನುಚ್ಚನ್ನು ಅಂಟಿಸಿದ ಹಾಗೆ ಬೆಳ್ಳಗೆ ಗಂಟುಗಂಟಾಗಿ ಮೆತ್ತಿಕೊಂಡಿದ್ದರೆ ಅದು ಸೀರು. ಬಳಿಕ ರೆಕ್ಕೆಯ ಕೆಳಗೂ ಕತ್ತಿನ ಹಿಂದೂ ನೋಡಿ. ರೆಕ್ಕೆಯ ಗರಿಯಲ್ಲಿ ನೆಲೆಸುವ ಉದ್ದನೆಯ ಹೇನು ಬೇರೆ, ತಲೆಯ ಹೇನು ಬೇರೆ, ಮೈಯ ಹೇನು ಬೇರೆ. ಮರಿಗಳಿಗೆ ಕೇಡು ತರುವುದು ತಲೆಯ ಹೇನು. ತಾಯಿಯ ರೆಕ್ಕೆಯ ಕೆಳಗೆ ಮಲಗುವ ಮರಿಗೆ ಹುಟ್ಟಿದ ಕೆಲವು ದಿನಗಳಲ್ಲೇ ಅದು ದಾಟಿಕೊಳ್ಳುತ್ತದೆ.

ಕೋಳಿಯ ಹೇನು ನಮ್ಮ ತಲೆಯ ಹೇನಿನಂತೆ ರಕ್ತ ಹೀರುವುದಲ್ಲ, ಕಡಿದು ತಿನ್ನುವುದು. ಪುಕ್ಕದ ಚೂರು, ಚರ್ಮದ ಹೊಟ್ಟು ಅದರ ಆಹಾರ. ಮೈಹೇನು ಮಾತ್ರ ಎಳೆಯ ಪುಕ್ಕದ ಬುಡವನ್ನು ಕಡಿದು ಅಲ್ಲಿ ಒಸರುವ ರಕ್ತವನ್ನೂ ಬಿಡುವುದಿಲ್ಲ. ಕೋಳಿಗೆ ಮೈಯೆಲ್ಲ ಕೆರೆತ. ನಿದ್ದೆಯಿಲ್ಲ, ಮೇವಿನ ಮೇಲೆ ಮನಸ್ಸಿಲ್ಲ. ಮೊಟ್ಟೆ ಕಡಿಮೆಯಾಗುವುದು ಸಹಜವಷ್ಟೆ. ಸೀರು ಒಡೆಯುವುದಕ್ಕೆ ನಾಲ್ಕರಿಂದ ಏಳು ದಿನ, ಮರಿ ಬಲಿತು ತಾನೂ ಸೀರು ಇಡುವುದಕ್ಕೆ ಇನ್ನೆರಡು ವಾರ. ಕೋಳಿಯ ಮೈಯಿಂದ ಕೆಳಗೆ ಬಿದ್ದ ಹೇನು ವಾರವೊಂದು ಬದುಕಿದರೆ ಹೆಚ್ಚು. ಮನೆಯ ಮಕ್ಕಳ ತಲೆಗೆ ಅದು ಹತ್ತೀತೆಂದು ತಾಯಂದಿರು ಹೆದರುವುದುಂಟು. ಕೋಳಿಯನ್ನು ಹಿಡಿದಾಗ ಒಂದೆರಡು ಕೈಮೇಲೆ ಹರಿದಾಡಿಯಾವು. ಆದರೆ ಅವಕ್ಕೆ ನಮ್ಮ ಮೈ ಸೇರದು, ಅಲ್ಲಿ ಸಂಸಾರ ಹೂಡಲಾರವು.

ಈ ಹೇನಿಗೆ ಕೋಳಿಯ ಹತ್ತಿರವೇ ಎರಡು ಮದ್ದುಗಳಿವೆ: ಒಂದು ಕೊಕ್ಕು, ಇನ್ನೊಂದು ಧೂಳು. ಬಿಡುವಿನ ಹೊತ್ತಿನಲ್ಲಿ ಕೋಳಿ ತನ್ನ ಪುಕ್ಕವನ್ನು ಒಂದೊಂದಾಗಿ ಕೊಕ್ಕಿನಲ್ಲಿ ಎಳೆದು ತೀಡುವುದನ್ನು ಕಂಡು ನಾವು ಅಲಂಕಾರವೆಂದುಕೊಳ್ಳುತ್ತೇವೆ. ಅದು ಹೇನು ಹೆಕ್ಕುವ ಕೆಲಸ. ಮೊಟ್ಟೆಯ ಫಾರಮ್ಮುಗಳಲ್ಲಿ ಒಂದನ್ನೊಂದು ಕುಕ್ಕದಿರಲೆಂದು ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ಆ ಕೋಳಿಗಳಲ್ಲಿ ಹೇನು, ನುಸಿ ಎರಡೂ ಹೆಚ್ಚು. ಫಾರಮ್ಮಿನವರು ವಯಸ್ಸಾಯಿತೆಂದು ಮಾರುವ ಕೋಳಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದುಕೊಳ್ಳುವವರು ಇದನ್ನು ಗಮನಿಸಬೇಕು. ಇನ್ನು ಧೂಳು. ಕೆದಕಿದ ಒಣಮಣ್ಣಿನಲ್ಲಿ ಕೋಳಿ ಮಗ್ಗುಲಾಗಿ ಬಿದ್ದು, ರೆಕ್ಕೆಯಿಂದ ಮಣ್ಣನ್ನು ಪುಕ್ಕದೊಳಗೆ ತುಂಬಿಕೊಂಡು, ಕಣ್ಣು ಅರೆಮುಚ್ಚಿ ಹೊರಳುವ ಸುಖವನ್ನು ನೋಡಿಯೇ ತಿಳಿಯಬೇಕು. ಹಳ್ಳಿಯ ಕೋಳಿಗೆ ಇದು ಬೇಡಿ ಪಡೆಯುವ ಭಾಗ್ಯವಲ್ಲ. ಪಟ್ಟಣದಲ್ಲಿ ನಾವು ಹಿತ್ತಲಿಗೆ ಕಲ್ಲು ಹಾಸಿದ್ದೇವೆ, ಅಂಗಳಕ್ಕೆ ಸಿಮೆಂಟು ಬಳಿದಿದ್ದೇವೆ, ತಾರಸಿಯ ಮೇಲೆ ತಂತಿಯ ಪಂಜರ ಕಟ್ಟಿದ್ದೇವೆ. ಹೊರಳಲು ಮಣ್ಣೆಲ್ಲಿ?

ಇನ್ನು ನುಸಿ. ಇದನ್ನು ಹಗಲಿನಲ್ಲಿ ಕೋಳಿಯ ಮೈಮೇಲೆ ಹುಡುಕಿದರೆ ಸಾಮಾನ್ಯವಾಗಿ ಏನೂ ಸಿಕ್ಕುವುದಿಲ್ಲ. "ನೋಡಿದೆವು ಸ್ವಾಮಿ, ಒಂದೂ ಇಲ್ಲ" ಎಂದು ಸಮಾಧಾನ ಪಡುವುದೂ ಇದರಿಂದಲೇ. ರಾತ್ರಿ ಊಟವಾದ ಮೇಲೆ, ಕತ್ತಲಾಗಿ ಒಂದೆರಡು ಗಂಟೆ ಕಳೆದ ಬಳಿಕ, ಕೈಫೋನಿನ ದೀಪವನ್ನು ಹಿಡಿದು ಗೂಡಿಗೆ ಹೋಗಿ. ಕೋಳಿ ಕೂರುವ ಅಡ್ಡಕೋಲಿನ ಕೆಳಮೈಯನ್ನು, ಅದು ಗೋಡೆಯನ್ನು ಸೇರುವ ಸಂದಿಯನ್ನು ಬಿಳಿಯ ಬಟ್ಟೆಯಿಂದ ಒತ್ತಿ ಒರಸಿ. ಬಟ್ಟೆಯ ಮೇಲೆ ರಕ್ತದ ಗೆರೆ ಮೂಡಿದರೆ ಬೇರೆ ಸಾಕ್ಷಿ ಬೇಡ. ಹಸಿದ ನುಸಿ ಬೂದುಬಿಳುಪು, ಕುಡಿದ ನುಸಿ ಕೆಂಪು. ಹೆಚ್ಚೆಂದರೆ ಒಂದು ಮಿಲಿಮೀಟರು, ಸಾಸಿವೆಗಿಂತ ಚಿಕ್ಕದು. ಹಗಲಿನಲ್ಲಿಯೂ ಕೆಲವು ಗುರುತುಗಳು ಕಾಣುತ್ತವೆ. ಕೋಲಿನ ತುದಿಯಲ್ಲಿ ಬೂದಿ ಉದುರಿದಂತೆ ಬಿಳಿಯ ಪುಡಿ, ಮೊಟ್ಟೆಯ ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆ, ಬಿಳಿಚಿಕೊಂಡ ಜುಟ್ಟು. ಸಂಜೆ ಗೂಡಿಗೆ ಹೋಗಲೊಲ್ಲದ ಕೋಳಿಯಂತೂ ಬಾಯಿಬಿಟ್ಟು ಹೇಳಿದಂತೆಯೇ.

ಹೆಸರಾಂತ ಈ ಕೆಂಪು ನುಸಿಯನ್ನು ಯುರೋಪಿನ ಪ್ರಾಣಿಶಾಸ್ತ್ರಜ್ಞರು 1778ರಲ್ಲಿಯೇ ವಿವರಿಸಿ ಹೆಸರಿಟ್ಟಿದ್ದಾರೆ. ಅಂದಿನಿಂದ ಇಂದಿನವರೆಗೂ ಅದು ಸೋತಿಲ್ಲ. ಅದರ ಬಲ ಎರಡು. ಸೆಕೆಯ ಕಾಲದಲ್ಲಿ ಮೊಟ್ಟೆಯಿಂದ ಮೊದಲಾಗಿ ಮತ್ತೆ ಮೊಟ್ಟೆಯಿಡುವ ಪ್ರಾಯಕ್ಕೆ ಅದು ಬರುವುದು ಏಳರಿಂದ ಹತ್ತು ದಿನಗಳಲ್ಲಿ. ಇದು ಒಂದು. ರಕ್ತವೇ ಸಿಕ್ಕದಿದ್ದರೂ ತಂಪು ಹವೆಯಲ್ಲಿ ಅದು ತಿಂಗಳುಗಟ್ಟಲೆ ಸಂದಿಯಲ್ಲಿ ಜೀವ ಹಿಡಿದುಕೊಂಡಿರಬಲ್ಲುದು. ಇದು ಎರಡನೆಯದು. ಆದಕಾರಣ, "ಕೋಳಿಗಳೆಲ್ಲ ಖರ್ಚಾದವು, ಗೂಡು ಎರಡು ತಿಂಗಳು ಖಾಲಿ ಬಿದ್ದಿತ್ತು, ಇನ್ನೇನು ಭಯ" ಎಂದು ಹೊಸ ಕೋಳಿ ತಂದು ಬಿಟ್ಟರೆ, ಹಸಿದು ಕಾದ ಅತಿಥಿಗಳಿಗೆ ಎಲೆ ಹಾಕಿದಂತಾಗುತ್ತದೆ.

ಕೋಳಿ ಸಾಕದವರೂ ಇಷ್ಟು ಕೇಳಬೇಕು. ಈ ನುಸಿ ಪಾರಿವಾಳದ ಗೂಡಿನಲ್ಲಿಯೂ ಇರುತ್ತದೆ. ಪಟ್ಟಣದ ಮನೆಗಳ ಗವಾಕ್ಷಿಯಲ್ಲಿ, ತಂಪುಯಂತ್ರದ ಹಿಂದೆ ಪಾರಿವಾಳ ಮರಿ ಮಾಡಿ ಹಾರಿಹೋದ ಮೇಲೆ, ಉಳಿದ ನುಸಿ ಹಸಿದು ಕಿಟಕಿಯ ಸಂದಿಯಿಂದ ಒಳಗೆ ಬರುತ್ತದೆ. ಮನೆಯವರಿಗೆ ಕತ್ತಿನಲ್ಲಿ, ತೋಳಿನಲ್ಲಿ ಕೆಂಪು ದದ್ದು, ತುರಿಕೆ. ತಿಗಣೆಯೆಂದು ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಾರೆ, ಅಡಿಗೆಯಲ್ಲಿ ಬದನೆಕಾಯಿ ಬಿಡುತ್ತಾರೆ. ಪಾರಿವಾಳದ ಹಳೆಯ ಗೂಡನ್ನು ತೆಗೆದುಹಾಕಿ ಆ ಜಾಗವನ್ನು ತೊಳೆಯುವವರೆಗೆ ಅದು ನಿಲ್ಲುವುದಿಲ್ಲ. ನಮ್ಮ ಮೈಯಲ್ಲಿಯೂ ಈ ನುಸಿ ನೆಲೆಸಲಾರದು, ಕಚ್ಚಿ ಹೋಗುತ್ತದೆ ಅಷ್ಟೆ.

ಈಗ ಕಾವು ಬಿಟ್ಟೆದ್ದ ಕೋಳಿಯ ವಿಚಾರಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮೊಟ್ಟೆ ಮಾರಿ ಬಂದ ದುಡ್ಡು ಅವರ ಕೈಯ ಸ್ವಂತ ದುಡ್ಡು. ಎಲೆಯಡಿಕೆಗೆ, ಮೊಮ್ಮಗಳ ಬಳೆಗೆ ಮಗನ ಹತ್ತಿರ ಕೈಚಾಚುವುದಿಲ್ಲ. ಹೋದ ಬೇಸಿಗೆಯಲ್ಲಿ ಹನ್ನೊಂದು ಮೊಟ್ಟೆಯನ್ನು ಒಂದು ನಾಟಿ ಹೇಟೆಯ ಕೆಳಗೆ ಇಟ್ಟಿದ್ದರು. ಮೂರು ಬಾರಿ ಚೆನ್ನಾಗಿ ಮರಿ ಮಾಡಿದ್ದ ಕೋಳಿ ಅದು. ಹದಿನಾರನೆಯ ದಿನ ಎದ್ದು ಹೊರಗೆ ಬಂತು, ಮತ್ತೆ ಒಳಗೆ ಹೋಗಲಿಲ್ಲ. ಹಿಡಿದು ಕೂರಿಸಿದರೂ ಜಿಗಿದು ಬಂತು. ಮೊಟ್ಟೆಗಳು ಆರಿಹೋದವು. ಮನೆಯಲ್ಲಿ ಎಲ್ಲರೂ ಕೋಳಿಯನ್ನು ಬೈದರು, ಭಾನುವಾರಕ್ಕೆ ಮುಹೂರ್ತವೂ ಆಯಿತು. ನಾನು ಹೋಗಿ ಮಂಕರಿಯ ಹುಲ್ಲನ್ನು ಎತ್ತಿ ಬಿಳಿಯ ಕಾಗದದ ಮೇಲೆ ಕೊಡವಿದೆ. ಕಾಗದವೇ ಹರಿದಾಡಿದಂತೆ ಕಂಡಿತು. ಹೆಣೆದ ಬಿದಿರಿನ ಎಳೆ ಎಳೆಯ ನಡುವೆ ಕೆಂಪು ನುಸಿ.

ಲೆಕ್ಕ ಹಾಕಿ ನೋಡಿ. ಕಾವಿಗೆ 21 ದಿನ ಬೇಕು. ನುಸಿಗೆ ಒಂದು ತಲೆಮಾರಿಗೆ ಏಳರಿಂದ ಹತ್ತು ದಿನ ಸಾಕು. ಮೊದಲ ದಿನ ಮಂಕರಿಯಲ್ಲಿ ನಾಲ್ಕು ನುಸಿ ಇದ್ದರೂ, ಮರಿ ಹೊರಬರುವ ಹೊತ್ತಿಗೆ ಮಕ್ಕಳು, ಮೊಮ್ಮಕ್ಕಳು ಸೇರಿ ದೊಡ್ಡ ಸಂಸಾರ. ಬೇರೆ ಕೋಳಿಗಳು ಹಗಲು ಹೊರಗಿದ್ದು ಇರುಳಿನಲ್ಲಿ ಮಾತ್ರ ಕಚ್ಚಿಸಿಕೊಳ್ಳುತ್ತವೆ. ಕಾವಿನ ಕೋಳಿಗಾದರೋ ಹಗಲೂ ಇರುಳೂ ಅಲ್ಲಿಯೇ ವಾಸ, ಅದೂ ಕತ್ತಲ ಮೂಲೆಯಲ್ಲಿ. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು, ಗುಟುಕು ನೀರು ಕುಡಿದು ಓಡಿಬರುವ ಅವಸರದಲ್ಲಿ ಮಣ್ಣಿನಲ್ಲಿ ಹೊರಳುವುದಕ್ಕೂ ಪುರಸೊತ್ತಿಲ್ಲ. ಒಂದು ಹನಿ ಎರಡು ಹನಿಯಾಗಿ ರಕ್ತ ಹೋಗುತ್ತಲೇ ಇರುತ್ತದೆ. ಕೆಲವು ಕೋಳಿಗಳು ಎದ್ದುಬಿಡುತ್ತವೆ. ಎದ್ದು ಬಾರದವು ಕೂತಲ್ಲಿಯೇ ಸಾಯುವುದೂ ಉಂಟು. ಹದಿನಾರು ದಿನ ಕಚ್ಚಿಸಿಕೊಂಡು ಕೂತದ್ದನ್ನು ಕೆಟ್ಟ ತಾಯಿ ಎನ್ನಲು ನನಗಂತೂ ಬಾಯಿ ಬರಲಿಲ್ಲ. ಅಜ್ಜಿಯೂ ಕತ್ತಿಯನ್ನು ಒಳಗಿಟ್ಟರು. ಮಳೆಗಾಲದಲ್ಲಿ ಅದೇ ಹೇಟೆ ಹೊಸ ಮಂಕರಿಯಲ್ಲಿ ಒಂಬತ್ತು ಮರಿ ಮಾಡಿತು.

ನುಸಿಯಲ್ಲಿ ಇನ್ನೊಂದು ಕುಲ ಕೋಳಿಯ ಮೈಮೇಲೆಯೇ ಹೇನಿನಂತೆ ಮನೆಮಾಡುತ್ತದೆ. ನಮ್ಮಂಥ ಸೆಕೆಯ ಸೀಮೆಗಳಲ್ಲಿ ಅದೂ ಉಂಟು. ಬಾಲದ ಕೆಳಗಿನ ಪುಕ್ಕ ಮಸಿ ಮೆತ್ತಿದಂತೆ ಕಪ್ಪಾಗಿ ಜಿಡ್ಡುಗಟ್ಟಿ, ಕೈಯಿಟ್ಟರೆ ಸರಸರನೆ ಬೆರಳ ಮೇಲೆ ಹತ್ತಿದರೆ ಅದೇ ಎಂದು ತಿಳಿಯಿರಿ. ಅದಕ್ಕೆ ಕೋಳಿಗೂ ಮದ್ದು ಬೇಕು, ಗೂಡಿಗೂ ಬೇಕು.

ಮದ್ದಿನ ಮಾತು. ಹೇನಿಗೆ ಕೋಳಿಯ ಮೈಗೆ ಮದ್ದು. ಅಗಲವಾದ ಒಂದು ಮರದ ಪೆಟ್ಟಿಗೆ ಅಥವಾ ಹಳೆಯ ಬಾಣಲೆಯಲ್ಲಿ ಜರಡಿ ಹಿಡಿದ ಒಣಮಣ್ಣು, ಸ್ವಲ್ಪ ಮರಳು, ಸೌದೆ ಒಲೆಯ ಬೂದಿ ತುಂಬಿ, ಮಳೆ ತಾಕದ ಕಡೆ ಇಡಿ. ಬೂದಿ ಒಣಗಿರಬೇಕು, ನೆನೆದ ಬೂದಿ ಖಾರವಾಗಿ ಚರ್ಮವನ್ನು ಸುಡುತ್ತದೆ. ಒಂದು ಬುಟ್ಟಿ ಮಣ್ಣಿಗೆ ಎರಡು ಹಿಡಿ ಗಂಧಕದ ಪುಡಿ ಬೆರೆಸಿದರೆ ಇನ್ನೂ ಉತ್ತಮ. ದ್ರಾಕ್ಷಿ ಬೆಳೆಯುವವರು ಬೂದಿರೋಗಕ್ಕೆ ಎರಚುತ್ತಾರಲ್ಲ, ಆ ಹಳದಿ ಪುಡಿ. 2012ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು ಕೋಳಿಗಳಿಗೆ ಬಗೆಬಗೆಯ ಧೂಳಿನ ಪೆಟ್ಟಿಗೆ ಇಟ್ಟು ಪರೀಕ್ಷಿಸಿದಾಗ, ಹೇನಿಗೂ ಮೈಮೇಲಿನ ನುಸಿಗೂ ಗಂಧಕ ಬೆರೆತ ಧೂಳು ಮಿಕ್ಕವುಗಳಿಗಿಂತ ಮೇಲಾಯಿತು. ನಮ್ಮ ವೈದ್ಯರು ತುರಿಕಜ್ಜಿಗೆ ಗಂಧಕ ಹಚ್ಚುತ್ತಿದ್ದುದು ಸುಮ್ಮನೆಯಲ್ಲ. ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕಣ್ಣಿಗೆ ತಾಕಿಸಬೇಡಿ, ಗೂಡಿನಲ್ಲಿ ಗಂಧಕವನ್ನು ಸುಟ್ಟು ಹೊಗೆ ಹಾಕುವುದಂತೂ ಬೇಡವೇ ಬೇಡ. ತಾನಾಗಿ ಹೊರಳದ ಕೋಳಿಯನ್ನು ಹಿಡಿದು ಬಾಲದ ಕೆಳಗೆ, ರೆಕ್ಕೆಯ ಕೆಳಗೆ ಅದೇ ಧೂಳನ್ನು ಕೈಯಿಂದ ಪುಕ್ಕದ ಬುಡಕ್ಕೆ ಸೇರಿಸಬಹುದು. ಸೀರು ತುಂಬಿದ ಪುಕ್ಕವನ್ನು ಬುಡದ ಮೇಲ್ಗಡೆ ಕತ್ತರಿಸಿ ಸುಡಿ. ಧೂಳು ಹೇನನ್ನು ಕೊಲ್ಲುತ್ತದೆ, ಸೀರನ್ನು ಕೊಲ್ಲುವುದಿಲ್ಲ. ಆದಕಾರಣ ಹತ್ತನೆಯ ದಿನ ಮತ್ತೊಮ್ಮೆ, ಇಪ್ಪತ್ತನೆಯ ದಿನ ಇನ್ನೊಮ್ಮೆ. ಒಂದೇ ಸಲ ಮಾಡಿ "ಮದ್ದು ನಾಟಲಿಲ್ಲ" ಎನ್ನುವವರೇ ಹೆಚ್ಚು.

ನುಸಿಗೆ ಗೂಡಿಗೇ ಮದ್ದು. ಇದು ಒಂದು ಇಡೀ ದಿನದ ಕೆಲಸ, ರಜೆಯ ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಕೋಳಿಗಳನ್ನು ಹೊರಗೆ ಬಿಟ್ಟು, ಗೂಡಿನ ಹುಲ್ಲು, ಹೊಟ್ಟು, ಕಸವನ್ನೆಲ್ಲ ಕೆರೆದು ಚೀಲಕ್ಕೆ ತುಂಬಿ ಸುಡಿ. ತಿಪ್ಪೆಗೆ ಎಸೆದರೆ ನುಸಿ ನಡೆದುಕೊಂಡು ವಾಪಸು ಬಂದೀತು. ಅಡ್ಡಕೋಲುಗಳನ್ನು ಕಳಚಿ ಹೊರಗೆ ತನ್ನಿ. ಕುದಿಯುವ ನೀರನ್ನು ಪ್ರತಿಯೊಂದು ಸಂದಿಗೂ ಹೊಯ್ಯಿರಿ. ನೀರು ಕುದಿಯುತ್ತಿರಬೇಕು, ಬೆಚ್ಚಗಿದ್ದರೆ ಸಾಲದು. ಅದು ಒಣಗಿದ ಮೇಲೆ, ಒಂದು ಲೀಟರ್ ನೀರಿಗೆ ಎರಡು ಚಮಚ ಬೇವಿನ ಎಣ್ಣೆ ಮತ್ತು ಎಣ್ಣೆ ಬೆರೆಯುವಷ್ಟು ಸಾಬೂನು ಕದಡಿ, ಗಿಡಕ್ಕೆ ಹೊಡೆಯುವ ಕೈಪಂಪಿನಿಂದ ಸಂದಿಗಳು ತೊಯ್ಯುವಂತೆ ಸಿಂಪಡಿಸಿ. ಎಣ್ಣೆ ತಾಕಿದ ನುಸಿ ಉಸಿರುಕಟ್ಟಿ ಸಾಯುತ್ತದೆ, ತಾಕದ್ದು ಬದುಕುತ್ತದೆ. ಕೊನೆಗೆ ಗಟ್ಟಿಯಾಗಿ ಕಲಸಿದ ಸುಣ್ಣವನ್ನು ಬಿರುಕು ಮುಚ್ಚುವ ಹಾಗೆ ಬಳಿಯಿರಿ. ಸುಣ್ಣದ ಗುಣಕ್ಕಿಂತಲೂ ಬಿರುಕು ಮುಚ್ಚುವುದೇ ಇಲ್ಲಿ ದೊಡ್ಡ ಲಾಭ. ಮನೆಯಿಲ್ಲದ ನುಸಿ ಎಲ್ಲಿ ಮೊಟ್ಟೆಯಿಟ್ಟೀತು? ಏಳೆಂಟು ದಿನ ಬಿಟ್ಟು ಸಿಂಪಡಣೆಯನ್ನು ಮತ್ತೆ ಮಾಡಿ, ಅದಾದ ವಾರಕ್ಕೆ ಇನ್ನೊಮ್ಮೆ.

ಗೂಡನ್ನು ಹೊಸದಾಗಿ ಕಟ್ಟಿಸುವವರು ತೊಗಟೆಯಿರುವ ಕೋಲನ್ನು ಹಾಕಬೇಡಿ. ತೊಗಟೆಯೆಂದರೆ ನುಸಿಗೆ ಕಟ್ಟಿಕೊಟ್ಟ ಅರಮನೆ. ನುಣುಪಾದ ಕೋಲಾಗಲಿ, ಗೋಡೆಗೆ ಮೊಳೆ ಹೊಡೆಯದೆ ಎತ್ತಿ ತೆಗೆಯುವಂತಿರಲಿ.

ನುಸಿ ಹೋಯಿತೋ ಇಲ್ಲವೋ ತಿಳಿಯಲು ಒಂದು ಸುಲಭದ ಉಪಾಯವಿದೆ. ಅಂಗಡಿಯಿಂದ ಸಾಮಾನು ಬರುವ ರಟ್ಟಿನ ಪೆಟ್ಟಿಗೆಯ ಒಳಗೆ ಅಲೆಅಲೆಯಾದ ಪದರವಿರುತ್ತದೆ. ಅಂಗೈಯಗಲ ರಟ್ಟನ್ನು ಕತ್ತರಿಸಿ ಅಡ್ಡಕೋಲಿನ ಕೆಳಮೈಗೆ ಕಟ್ಟಿ. ಆ ಕೊಳವೆಗಳು ನುಸಿಗೆ ಇಷ್ಟವಾದ ಅಡಗುತಾಣ. ಎರಡು ದಿನ ಬಿಟ್ಟು ಬಿಚ್ಚಿ ಬಿಳಿಯ ತಟ್ಟೆಯ ಮೇಲೆ ಕುಟ್ಟಿ ನೋಡಿ, ಬಳಿಕ ಒಲೆಗೆ ಹಾಕಿ. ಪತ್ತೆಯೂ ಆಯಿತು, ಅಷ್ಟುಮಟ್ಟಿಗೆ ಸಂಹಾರವೂ ಆಯಿತು. ನಮ್ಮ ಮನೆಯಲ್ಲಿ ಈ ಕೆಲಸ ಮೊಮ್ಮಗನದು, ಎಣಿಸಿ ಗೋಡೆಯ ಮೇಲೆ ಬರೆಯುತ್ತಾನೆ.

ಕಾವಿಗೆ ಕೂರಿಸುವ ಮುನ್ನ ಮಂಕರಿಯನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿನಲ್ಲಿ ಒಣಗಿಸಿ, ಹೊಸ ಹುಲ್ಲು ಹಾಕಿ. ಹೇಟೆಯ ಮೈಗೆ ಗಂಧಕದ ಧೂಳನ್ನು ಹಿಂದಿನ ದಿನವೇ ಸೇರಿಸಿ. ಹುಲ್ಲಿನ ಕೆಳಗೆ ಲಕ್ಕಿಸೊಪ್ಪು, ಬೇವಿನಸೊಪ್ಪು ಹಾಸುವ ರೂಢಿ ಒಳ್ಳೆಯದೇ. ಅದೊಂದನ್ನೇ ನಂಬಿ ಮಂಕರಿ ತೊಳೆಯದಿರುವುದು ಒಳ್ಳೆಯದಲ್ಲ. ಹತ್ತನೆಯ ದಿನ ಕೋಳಿ ಮೇವಿಗೆ ಎದ್ದಾಗ ಹುಲ್ಲನ್ನು ಬದಲಿಸಿಬಿಡಿ. ಮೊಟ್ಟೆಗಳನ್ನು ಬೆಚ್ಚನೆಯ ಬಟ್ಟೆಯಲ್ಲಿಟ್ಟು ಐದು ನಿಮಿಷದಲ್ಲಿ ಮುಗಿಸಿದರೆ ಕಾವು ಕೆಡುವುದಿಲ್ಲ. ಸೀತಾಫಲದ ಬೀಜದ ಪುಡಿಯನ್ನು ಹೇನಿಗೆ ಹಾಕುವವರಿದ್ದಾರೆ. ಅದು ಕಣ್ಣಿಗೆ ಬಿದ್ದರೆ ಕೋಳಿಗೂ ನಮಗೂ ಅಪಾಯ, ಅದರ ಸಹವಾಸ ಬೇಡ.

ಇನ್ನು ವಿಷದ ಸಂಗತಿ. ನಮ್ಮ ತಂದೆಯವರ ಕಾಲದಲ್ಲಿ ಕೋಳಿಗೂಡಿಗೆ ಡಿ.ಡಿ.ಟಿ., ಗಮ್ಯಾಕ್ಸಿನ್ ಪುಡಿ ಎರಚುವುದೇ ಶಾಸ್ತ್ರವಾಗಿತ್ತು. ಆ ವಿಷ ಕೋಳಿಯ ಕೊಬ್ಬಿನಲ್ಲಿ ನಿಂತು ಮೊಟ್ಟೆಯ ಹಳದಿಗೆ ಇಳಿಯುತ್ತದೆ ಎಂಬುದು ಆಮೇಲೆ ತಿಳಿಯಿತು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿ.ಡಿ.ಟಿ.ಯ ಬಳಕೆ 1989ರಲ್ಲಿ ನಿಂತಿತು, ಗಮ್ಯಾಕ್ಸಿನ್ನಿನ ಮೂಲವಾದ ಬಿ.ಎಚ್.ಸಿ.ಯನ್ನು 1997ರಲ್ಲಿ ನಿಷೇಧಿಸಲಾಯಿತು. ಯಾರದಾದರೂ ಅಟ್ಟದ ಮೇಲೆ ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು ಕೋಳಿಯ ಕಡೆಗೆ ತರಲೇಬೇಡಿ. ಹೊಸ ವಿಷಗಳೂ ಸಾಧುವಲ್ಲ. 2017ರಲ್ಲಿ ಹಾಲೆಂಡ್, ಬೆಲ್ಜಿಯಂ ದೇಶಗಳಲ್ಲಿ ಇದೇ ಕೆಂಪು ನುಸಿಗಾಗಿ ಫಾರಮ್ಮುಗಳಲ್ಲಿ ಫಿಪ್ರೊನಿಲ್ ಎಂಬ ಔಷಧಿಯನ್ನು ಕಾನೂನಿಗೆ ವಿರುದ್ಧವಾಗಿ ಬಳಸಿದ್ದು ಬಯಲಿಗೆ ಬಂದು, ಲಕ್ಷಲಕ್ಷ ಮೊಟ್ಟೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದು ನಾಶಮಾಡಬೇಕಾಯಿತು. ನಾಯಿಯ ಉಣ್ಣೆಗೆ ಬೆನ್ನಿನ ಮೇಲೆ ಬಿಡುವ ಹನಿಗಳಲ್ಲಿ, ಜಿರಲೆಯ ಮದ್ದಿನಲ್ಲಿ ಅದೇ ಫಿಪ್ರೊನಿಲ್ ಇರುತ್ತದೆ. "ನಾಯಿಗೆ ಹಾಕಿ ಉಳಿದಿದೆ, ಕೋಳಿಗೂ ಎರಡು ಹನಿ" ಎನ್ನುವ ಮನೆಗಳಲ್ಲಿ ಬೆಳಿಗ್ಗೆ ಆ ಕೋಳಿಯ ಮೊಟ್ಟೆಯನ್ನು ಬೇಯಿಸಿ ಮಗುವಿಗೆ ಕೊಡುತ್ತಾರೆ. ಬೇಯಿಸಿದರೆ ಈ ವಿಷ ಹೋಗುವುದೆಂದು ನಂಬಬೇಡಿ.

ಮನೆಯ ಮದ್ದಿಗೆ ಬಗ್ಗದಷ್ಟು ಹುಳು ಹೆಚ್ಚಿದ್ದರೆ ಪಶುವೈದ್ಯರ ಹತ್ತಿರ ಹೋಗಿ. ಮೊಟ್ಟೆಯಿಡುವ ಕೋಳಿ ಎಂದು ಮೊದಲೇ ಹೇಳಿ. ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು, ಎಷ್ಟು ದಿನ ಮೊಟ್ಟೆ ತಿನ್ನಬಾರದು, ಈ ಮೂರನ್ನೂ ಬರೆಸಿಕೊಂಡು ಬನ್ನಿ. ಮೂರನೆಯದನ್ನು ಕೇಳುವುದು ನಮ್ಮಲ್ಲಿ ಅಪರೂಪ.

ಕಾಲಿನ ನುಸಿಯೂ ಒಂದಿದೆ. ಮುದಿ ಕೋಳಿಯ ಕಾಲಿನ ಹುರುಪೆಗಳು ಎದ್ದುನಿಂತು, ಸುಣ್ಣ ಮೆತ್ತಿದಂತೆ ದಪ್ಪವಾಗಿ, ಕೋಳಿ ಕುಂಟುವುದನ್ನು ಕಂಡು ವಯಸ್ಸಿನ ಫಲ ಎನ್ನುತ್ತಾರೆ. ಹುರುಪೆಯ ಕೆಳಗೆ ಸುರಂಗ ಕೊರೆದು ವಾಸಿಸುವ ಕಣ್ಣಿಗೆ ಕಾಣದ ನುಸಿಯ ಕೆಲಸ ಅದು. ಸಾಬೂನಿನ ಬೆಚ್ಚನೆಯ ನೀರಿನಲ್ಲಿ ಕಾಲನ್ನು ಹತ್ತು ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಕುಂಚದಿಂದ ಮೆಲ್ಲಗೆ ತಿಕ್ಕಿ ಒರಸಿ, ಬೇವಿನ ಎಣ್ಣೆಯನ್ನೋ ತೆಂಗಿನೆಣ್ಣೆಯನ್ನೋ ದಪ್ಪವಾಗಿ ಸವರಿ. ಮೂರು ದಿನಕ್ಕೊಮ್ಮೆ, ಕೆಲವು ವಾರ. ಹುರುಪೆಯನ್ನು ಉಗುರಿನಿಂದ ಕೀಳಬಾರದು, ರಕ್ತ ಬರುತ್ತದೆ. ಸೀಮೆಎಣ್ಣೆಯೂ ಬೇಡ, ಚರ್ಮ ಬೇಯುತ್ತದೆ.

ಬಯಲುಸೀಮೆಯ ಹಳೆಯ ಮಣ್ಣಿನ ಗೋಡೆಗಳಲ್ಲಿ ಕೋಳಿಯ ಉಣ್ಣೆಯೂ ಇರುತ್ತದೆ. ಬೂದುಕಂದು ಬಣ್ಣ, ಚಪ್ಪಟೆ, ಹುಣಿಸೆ ಬೀಜಕ್ಕಿಂತ ಸಣ್ಣದು. ನಡತೆ ಕೆಂಪು ನುಸಿಯಂತೆಯೇ, ಹಗಲು ಸಂದಿಯಲ್ಲಿ, ಇರುಳು ಕೋಳಿಯಲ್ಲಿ. ಇದು ಕಚ್ಚಿ ಜ್ವರವನ್ನೂ ಹರಡುತ್ತದೆ. ಕೋಳಿ ತೂಕಡಿಸಿ ಹಸಿರು ಹಿಕ್ಕೆ ಹಾಕಿದರೆ ಎಲ್ಲವನ್ನೂ ಕೊಕ್ಕರೆರೋಗವೆಂದು ಕೈಬಿಡದೆ, ಗೋಡೆಯ ಬಿರುಕನ್ನೂ ನೋಡಿ, ವೈದ್ಯರಿಗೆ ಅದನ್ನೂ ತಿಳಿಸಿ.

ಸಂತೆಯಿಂದ ಹೊಸ ಕೋಳಿ ತಂದ ದಿನವೇ ಹಳೆಯವುಗಳ ಜೊತೆಗೆ ಬಿಡಬೇಡಿ. ಮೂರು ವಾರ ಬೇರೆ ಪಂಜರದಲ್ಲಿಡಿ, ಬಾಲದ ಕೆಳಗೆ ಎರಡು ಮೂರು ಬಾರಿ ನೋಡಿ, ಧೂಳಿನ ಪೆಟ್ಟಿಗೆ ಅದಕ್ಕೂ ಒಂದು ಬೇರೆಯಾಗಿಯೇ ಇರಲಿ. ಕೋಳಿಯನ್ನು ಹೊತ್ತು ತಂದ ಬುಟ್ಟಿಯನ್ನು ಅದೇ ದಿನ ಬಿಸಿಲಿಗೆ ಹಾಕುವ ಮೊದಲು ಕುದಿನೀರು ಹೊಯ್ಯಿರಿ. ಪಕ್ಕದ ಮನೆಯವರು ಕಾವಿಗೆಂದು ಮಂಕರಿ ಎರವಲು ಕೇಳಿದರೆ ಕೊಡಿ, ಹಿಂತಿರುಗಿ ಬಂದಾಗ ಅದಕ್ಕೂ ಒಂದು ಚೆಂಬು ಕುದಿನೀರು.